ಇನ್ನೂರು ರೂಪಾಯಿ ಯಾಕೆ ಇನ್ನೂರೇ ಉಳಿಯಿತು? ಸಂಸತ್ತಿನ ಸಮಿತಿಯೂ ಕೊಡಗಿನ ಪಿಂಚಣಿಯೂ

[ದೃಶ್ಯ: ಪೊನ್ನಂಪೇಟೆ ಬಸ್ ನಿಲ್ದಾಣ, ಬೆಳಿಗ್ಗೆ. ಪರದೆ ಮೇಲೆ ದೊಡ್ಡದಾಗಿ: 200 ರೂಪಾಯಿ]

ನಮಸ್ಕಾರ. ಇವತ್ತಿನ ವಿಡಿಯೋ ಇನ್ನೂರು ರೂಪಾಯಿ ಬಗ್ಗೆ.

ಬಡ ಕುಟುಂಬದ, 60ರಿಂದ 79 ವರ್ಷದೊಳಗಿನ ಒಬ್ಬ ಹಿರಿಯರಿಗೆ ಕೇಂದ್ರ ಸರ್ಕಾರ ತಿಂಗಳಿಗೆ ಕೊಡುವ ವೃದ್ಧಾಪ್ಯ ವೇತನ ಇಷ್ಟೇ. 2007ರ ನವೆಂಬರ್‌ನಲ್ಲಿ ಈ ಯೋಜನೆಗೆ ಇಂದಿರಾ ಗಾಂಧಿ ಅವರ ಹೆಸರಿಟ್ಟಾಗಲೂ 200. 2025-26ರ ಬಜೆಟ್ ಬಂದಾಗಲೂ 200. ಈ ನಡುವೆ ಸಾಮಾನುಗಳ ಬೆಲೆ ಹತ್ತಿರ ಹತ್ತಿರ ಮೂರು ಪಟ್ಟಾಗಿದೆ.

"ಅಲ್ಲ, ನಮ್ಮ ಅಜ್ಜಿಗೆ 1,200 ಬರುತ್ತದಲ್ಲ?" ಅಂತ ಕೆಲವರು ಕೇಳಬಹುದು. ಸರಿ, ಬರುತ್ತದೆ. ಅದರಲ್ಲಿ ದೊಡ್ಡ ಪಾಲು ರಾಜ್ಯದ್ದು. ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದರೆ ಕೇಂದ್ರದ 200ಕ್ಕೆ ರಾಜ್ಯ ತನ್ನ ದುಡ್ಡು ಸೇರಿಸುತ್ತದೆ. ಸಂಧ್ಯಾ ಸುರಕ್ಷಾ ಅನ್ನುವ ಹಿರಿಯರ ಪಿಂಚಣಿ ಆದರೆ ಪೂರ್ತಿ ರಾಜ್ಯದ್ದೇ ಯೋಜನೆ. 2021ರಲ್ಲಿ ಅದನ್ನು 1,000ದಿಂದ 1,200ಕ್ಕೆ ಏರಿಸಿದರು. ಅಂದರೆ ರಾಜ್ಯದ ಪಾಲು ಆಗಾಗ ಏರಿದೆ. ಕೇಂದ್ರದ ಪಾಲು ನಿಂತಲ್ಲೇ ನಿಂತಿದೆ.

ಇದನ್ನು ದೆಹಲಿಯಲ್ಲಿ ಯಾರೂ ಕೇಳಲೇ ಇಲ್ವಾ? ಕೇಳಿದ್ದಾರೆ. ಬರವಣಿಗೆಯಲ್ಲಿ, ಮತ್ತೆ ಮತ್ತೆ ಕೇಳಿದ್ದಾರೆ. ಕೇಳಿದ್ದು ಸಂಸತ್ತಿನ ಸ್ಥಾಯಿ ಸಮಿತಿ.

[ದೃಶ್ಯ: ಸಂಸತ್ ಭವನ. ಮೇಲೆ: 24 ಸಮಿತಿ, ಪ್ರತಿಯೊಂದರಲ್ಲಿ 31 ಸಂಸದರು]

ಫೆಬ್ರವರಿ 1ಕ್ಕೆ ಬಜೆಟ್ ಮಂಡನೆ ಆಗುತ್ತದೆ. ಟಿವಿಯಲ್ಲಿ ಎರಡು ದಿನ ಅದೇ ಚರ್ಚೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ನಿಜವಾದ ತಪಾಸಣೆ ಶುರುವಾಗುವುದು ಅದರ ನಂತರ. ಸದನಕ್ಕೆ ಕೆಲವು ವಾರ ಬಿಡುವು ಕೊಡುತ್ತಾರೆ. ಆ ಬಿಡುವಿನಲ್ಲಿ ಪ್ರತಿ ಇಲಾಖೆಯ ಖರ್ಚಿನ ಬೇಡಿಕೆಯನ್ನು ಒಂದೊಂದು ಸ್ಥಾಯಿ ಸಮಿತಿ ಕೂತು ನೋಡುತ್ತದೆ. ಈ ಪದ್ಧತಿ ಶುರುವಾದದ್ದು 1993ರಲ್ಲಿ. ಆಗ 17 ಸಮಿತಿಗಳಿದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಮಂತ್ರಿಗಳಿಗೆ ಜಾಗ ಇಲ್ಲ. ಎಲ್ಲ ಪಕ್ಷದವರೂ ಇರುತ್ತಾರೆ.

ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಕ್ಯಾಮೆರಾ ಇಲ್ಲ, ಘೋಷಣೆ ಇಲ್ಲ. ಇಲಾಖೆಯ ಕಾರ್ಯದರ್ಶಿ ಬಂದು ಕೂರಬೇಕು. ಕಳೆದ ವರ್ಷ ಎಷ್ಟು ಕೇಳಿದಿರಿ, ಎಷ್ಟು ಖರ್ಚಾಯಿತು, ಉಳಿದದ್ದು ಯಾಕೆ ಉಳಿಯಿತು ಅಂತ ಸಂಸದರು ಕೇಳುತ್ತಾರೆ. ಸದನದಲ್ಲಿ ಕೂಗಾಡುವ ಎರಡು ಪಕ್ಷದವರು ಇಲ್ಲಿ ಒಂದೇ ವರದಿಗೆ ಒಪ್ಪುವುದುಂಟು. ನನಗೆ ಸಂಸತ್ತಿನ ಬಗ್ಗೆ ಗೌರವ ಹೆಚ್ಚುವುದು ಈ ವರದಿಗಳನ್ನು ಓದಿದಾಗಲೇ.

ಇದು ಯಾಕೆ ಮುಖ್ಯ ಅಂದರೆ, ಸದನದಲ್ಲಿ ಸಮಯವೇ ಸಿಗುವುದಿಲ್ಲ. ನಾಲ್ಕೈದು ಇಲಾಖೆಗಳ ಚರ್ಚೆ ಆದರೆ ಜಾಸ್ತಿ. ಉಳಿದ ಎಲ್ಲ ಬೇಡಿಕೆಗಳನ್ನು ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಇದಕ್ಕೆ ಗಿಲೋಟಿನ್ ಅಂತ ಹೆಸರು. 2023-24ರ ಬಜೆಟ್‌ನಲ್ಲಂತೂ ಒಂದೇ ಒಂದು ಇಲಾಖೆಯ ಚರ್ಚೆಯೂ ಲೋಕಸಭೆಯಲ್ಲಿ ಆಗಲಿಲ್ಲ. ಲಕ್ಷಾಂತರ ಕೋಟಿ ಹಾಗೇ ಪಾಸಾಯಿತು. ಆ ವರ್ಷ ಪಿಂಚಣಿ ಬಗ್ಗೆ ಯಾರಾದರೂ ಸಾಲು ಸಾಲಾಗಿ ಕೇಳಿದ್ದರೆ ಅದು ಸಮಿತಿಯ ಕೋಣೆಯಲ್ಲಿ ಮಾತ್ರ.

[ದೃಶ್ಯ: ಕಾಫಿ ತೋಟದ ಲೈನ್ ಮನೆಗಳ ಸಾಲು, ದೂರದಿಂದ. ಯಾರ ಮುಖವೂ ಕಾಣಬಾರದು]

ಈಗ ವಿಷಯಕ್ಕೆ ಬರೋಣ. ಈ ಪಿಂಚಣಿಗಳೆಲ್ಲ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಅಡಿಯಲ್ಲಿವೆ. ಅದು ಶುರುವಾದದ್ದು 1995ರ ಆಗಸ್ಟ್ 15ಕ್ಕೆ. ನೋಡಿಕೊಳ್ಳುವುದು ಗ್ರಾಮೀಣಾಭಿವೃದ್ಧಿ ಸಚಿವಾಲಯ. 80 ದಾಟಿದವರಿಗೆ 500. 40ರಿಂದ 79 ವರ್ಷದ ವಿಧವೆಯರಿಗೆ 300. ಅಂಗವಿಕಲರಿಗೂ 300, ಅದೂ ಶೇಕಡಾ 80ರಷ್ಟು ಅಂಗವೈಕಲ್ಯ ಇದ್ದರೆ ಮಾತ್ರ. 79 ಪರ್ಸೆಂಟ್ ಅಂತ ಡಾಕ್ಟರ್ ಬರೆದರೆ ಕೇಂದ್ರದಿಂದ ಏನೂ ಇಲ್ಲ.

ಇದಕ್ಕೆಲ್ಲ ಸೇರಿ 2024-25ರಲ್ಲಿ ಇಟ್ಟದ್ದು 9,652 ಕೋಟಿ. 2025-26ರಲ್ಲೂ 9,652 ಕೋಟಿ. ಕೇಂದ್ರದ ಒಟ್ಟು ಬಜೆಟ್ ಆ ವರ್ಷ 50 ಲಕ್ಷ 65 ಸಾವಿರ ಕೋಟಿ. ಲೆಕ್ಕ ಹಾಕಿ ನೋಡಿದರೆ ನೂರು ರೂಪಾಯಿಯಲ್ಲಿ 19 ಪೈಸೆ.

ಮೊತ್ತ ಚಿಕ್ಕದು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಕಣ್ಣಿಗೆ ಬೀಳದ ಇನ್ನೊಂದು ಗೋಡೆ ಇದೆ, ನನಗೆ ಅದೇ ಹೆಚ್ಚು ನೋವಿನ ವಿಷಯ. ಎಷ್ಟು ಜನರಿಗೆ ಕೊಡಬೇಕು ಅನ್ನುವುದಕ್ಕೂ ಮಿತಿ ಇದೆ. ಇಡೀ ದೇಶಕ್ಕೆ ಸುಮಾರು 3.09 ಕೋಟಿ ಜನ. ವೃದ್ಧಾಪ್ಯ ವೇತನದಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹಂಚಿದ್ದು 2001ರ ಜನಗಣತಿ ಮತ್ತು 2004-05ರ ಬಡತನದ ಅಂದಾಜು ಇಟ್ಟುಕೊಂಡು. ಆಮೇಲೆ ಎಷ್ಟು ಜನರಿಗೆ 60 ತುಂಬಿತು, ಯೋಚಿಸಿ. ತಿತಿಮತಿ ಕಡೆಯ ಆದಿವಾಸಿ ಹಾಡಿಯಲ್ಲೋ ಸಿದ್ದಾಪುರದ ತೋಟದ ಕಾರ್ಮಿಕರ ಲೈನ್ ಮನೆಯಲ್ಲೋ ಇರುವ ಹಿರಿಯರೊಬ್ಬರು ಎಲ್ಲ ಅರ್ಹತೆ ಇದ್ದರೂ ಕೇಂದ್ರದ ಲೆಕ್ಕಕ್ಕೆ ಬರದೆ ಹೋಗಬಹುದು. ಆಗ ಅವರ ಪೂರ್ತಿ ಭಾರ ರಾಜ್ಯದ ಮೇಲೆ.

ಇನ್ನು ಅರ್ಜಿ ಹಾಕುವ ಕಷ್ಟ ಬೇರೆ. ಯರವ, ಜೇನುಕುರುಬ ಆದಿವಾಸಿ ಹಿರಿಯರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ದಿನದ ದಾಖಲೆಯೇ ಇಲ್ಲ. ಅಂಥವರ ಆಧಾರ್ ಕಾರ್ಡ್‌ನಲ್ಲಿ ಜನವರಿ 1 ಅಂತ ಇರುತ್ತದೆ, ವರ್ಷ ಅಂದಾಜಿನದು. ನೋಡಿದರೆ ಎಪ್ಪತ್ತು ಅನ್ನಿಸುವವರಿಗೆ ಕಾರ್ಡ್ ಪ್ರಕಾರ ಐವತ್ತಾರು. ಜೀವನವಿಡೀ ಕತ್ತಿ ಹಿಡಿದು ಕಾಡು ಕಡಿದ, ಮೆಣಸು ಕೊಯ್ದ ಕೈ. ಬೆರಳಿನ ಗೆರೆ ಸವೆದು ಮೆಷಿನ್ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಇಲ್ಲ, ಸರ್ವರ್ ಇಲ್ಲ, ನಾಳೆ ಬನ್ನಿ ಅನ್ನುತ್ತಾರೆ. ನಾಳೆ ಬರಬೇಕಾದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ತಿಂಗಳ 200ರಲ್ಲಿ ಎಷ್ಟು ಉಳಿಯಿತು ಹೇಳಿ.

[ದೃಶ್ಯ: ಸಮಿತಿ ವರದಿಯ ಮುಖಪುಟ. ನಿಧಾನವಾಗಿ ಪುಟ ತಿರುಗಲಿ]

ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಈ ಮೊತ್ತ ತೀರಾ ಕಮ್ಮಿ, ಹೆಚ್ಚಿಸಿ ಅಂತ ವರ್ಷಗಳಿಂದ ಬರೆಯುತ್ತಿದೆ. ಅಧ್ಯಕ್ಷರಾಗಿ ಒಮ್ಮೆ ಶಿವಸೇನೆಯವರು ಇದ್ದರು, ಆಮೇಲೆ ಡಿಎಂಕೆಯ ಕನಿಮೊಳಿ ಬಂದರು, 2024ರಲ್ಲಿ ಕಾಂಗ್ರೆಸ್‌ನ ಸಪ್ತಗಿರಿ ಉಲಾಕಾ ಬಂದರು. ಪಕ್ಷ ಬದಲಾದರೂ ಬೇಡಿಕೆ ಬದಲಾಗಲಿಲ್ಲ.

ಹಾಗಾದರೆ ಯಾಕೆ ಏರಲಿಲ್ಲ? ಸಮಿತಿಗೆ ಸಲಹೆ ಕೊಡುವ ಅಧಿಕಾರ ಅಷ್ಟೇ ಇರುವುದು. ಅನುದಾನಕ್ಕೆ ಕತ್ತರಿ ಹಾಕಿ ಅನ್ನುವಂಥ ಸೂಚನೆಯನ್ನೂ ಅದು ಕೊಡುವಂತಿಲ್ಲ. ಆದರೆ ಸರ್ಕಾರ ಸುಮ್ನೆ ಕೂರುವಂತಿಲ್ಲ. ಮೂರು ತಿಂಗಳೊಳಗೆ ಪ್ರತಿ ಶಿಫಾರಸಿಗೂ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಆ ಉತ್ತರಗಳ ಮೇಲೆ ಸಮಿತಿ ಇನ್ನೊಂದು ವರದಿ ತರುತ್ತದೆ. ಕ್ರಮ ಕೈಗೊಂಡ ವರದಿ ಅಂತ.

ದಯವಿಟ್ಟು ಈ ಎರಡನೇ ವರದಿ ಓದಿ. ಅದರಲ್ಲಿ ಐದು ಅಧ್ಯಾಯ. ಮೊದಲನೆಯದು ಸಮಿತಿಯ ಮಾತು. ಎರಡನೆಯದರಲ್ಲಿ ಸರ್ಕಾರ ಒಪ್ಪಿದ ಶಿಫಾರಸುಗಳು. ಮೂರರಲ್ಲಿ, ಉತ್ತರ ನೋಡಿ ಸಮಿತಿ ಕೈಬಿಟ್ಟದ್ದು. ನಾಲ್ಕರಲ್ಲಿ, ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೇ ಇದ್ದದ್ದು. ಐದರಲ್ಲಿ, ಇನ್ನೂ ಕೊನೆಯ ಉತ್ತರ ಬಾರದೇ ಇದ್ದದ್ದು. ಒಂದು ಬೇಡಿಕೆಗೆ ಏನಾಯಿತು ಅಂತ ತಿಳಿಯಬೇಕಾದರೆ ಅದು ಯಾವ ಅಧ್ಯಾಯದಲ್ಲಿದೆ ಅಂತ ನೋಡಿದರೆ ಸಾಕು. ಎರಡರಲ್ಲಿದ್ದರೂ ಉತ್ತರ ಪೂರ್ತಿ ಓದಿ. "ಗಮನಿಸಲಾಗಿದೆ" ಅಂತ ಬರೆದು ಒಪ್ಪಿದ ಲೆಕ್ಕಕ್ಕೆ ಸೇರಿಸುವುದುಂಟು.

[ದೃಶ್ಯ: ಒಣಗಲು ಹರಡಿದ ಕಾಫಿ, ಕಣ]

ತೋಟದಲ್ಲಿ ದುಡಿದವರಿಗೆ ಇನ್ನೊಂದು ಪಿಂಚಣಿ ಇದೆ. ದೊಡ್ಡ ಎಸ್ಟೇಟ್‌ಗಳಲ್ಲಿ ಪಿಎಫ್ ಕಟ್ಟಿದ ಕಾರ್ಮಿಕರಿಗೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 58ರ ನಂತರ ಪಿಂಚಣಿ ಬರುತ್ತದೆ. ಅದರ ಕನಿಷ್ಠ ಮೊತ್ತ 2014ರ ಸೆಪ್ಟೆಂಬರ್‌ನಲ್ಲಿ 1,000 ಅಂತ ನಿಗದಿಯಾಯಿತು. ಅದು ಕಾರ್ಮಿಕ ಸ್ಥಾಯಿ ಸಮಿತಿಯ ವ್ಯಾಪ್ತಿ. 2024ರ ಸೆಪ್ಟೆಂಬರ್‌ನಲ್ಲಿ ಅದರ ಅಧ್ಯಕ್ಷರಾದವರು ನಮ್ಮ ಬಸವರಾಜ ಬೊಮ್ಮಾಯಿ. 2021ರಲ್ಲಿ ಮುಖ್ಯಮಂತ್ರಿಯಾಗಿ ಸಂಧ್ಯಾ ಸುರಕ್ಷಾ ಏರಿಸಿದವರೂ ಅವರೇ. ಅವರ ಸಮಿತಿಯೂ ಈ 1,000 ರೂಪಾಯಿ ಏರಿಸುವ ಬಗ್ಗೆ ಸರ್ಕಾರಕ್ಕೆ ಹೇಳಿದೆ. ತೋಟ ಚಿಕ್ಕದಾಗಿ, ಪಿಎಫ್ ಇಲ್ಲದೆ ದಿನಗೂಲಿಗೆ ದುಡಿದವರಿಗೆ ಇದೂ ಇಲ್ಲ. ಅವರು ಮತ್ತೆ ಆ 200ರ ಸಾಲಿಗೇ ಬರಬೇಕು.

ಪಕ್ಕದ ಕೇರಳದಲ್ಲಿ ರಾಜ್ಯದ ಬಜೆಟ್‌ಗೂ ಇಂಥ ವಿಷಯ ಸಮಿತಿಗಳಿವೆ, ಕುಟ್ಟ ದಾಟಿದರೆ ಆಯಿತು. ಅಲ್ಲಿ ಸಮಿತಿಗೆ ಸಂಬಂಧಪಟ್ಟ ಮಂತ್ರಿಯೇ ಅಧ್ಯಕ್ಷರು. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ದುಡ್ಡು ಕೇಳುವವರೇ ಪರಿಶೀಲನೆಯ ಕುರ್ಚಿಯಲ್ಲಿ ಕೂರಬಾರದು. ಈ ವಿಷಯದಲ್ಲಿ ಸಂಸತ್ತಿನ ಪದ್ಧತಿಯೇ ಮೇಲು.

[ದೃಶ್ಯ: ಮಡಿಕೇರಿ ಕೋಟೆ]

1956ರ ನವೆಂಬರ್ 1ರವರೆಗೆ ಕೊಡಗು ಬೇರೆ ರಾಜ್ಯವಾಗಿತ್ತು. 24 ಶಾಸಕರ ಸ್ವಂತ ವಿಧಾನಸಭೆ ಇತ್ತು. ಈಗ ಇಬ್ಬರು ಶಾಸಕರು, ಮೈಸೂರಿನ ಜೊತೆ ಸೇರಿ ಒಬ್ಬ ಸಂಸದರು. ನಮ್ಮ ಪರವಾಗಿ ಮಾತಾಡುವವರು ಕಮ್ಮಿ. ಅದಕ್ಕೇ ಯಾವಾಗ, ಎಲ್ಲಿ ಕೇಳಬೇಕು ಅಂತ ನಮಗೆ ಗೊತ್ತಿರಬೇಕು. ಬಜೆಟ್ ಆದ ಮೇಲಿನ ಆ ಬಿಡುವಿನ ವಾರಗಳಲ್ಲಿ ಸಂಸದರ ಕಚೇರಿಗೆ ಒಂದು ಪತ್ರ ಬರೆಯಿರಿ. ಮೂರು ಪ್ರಶ್ನೆ ಸಾಕು. ನೀವು ಯಾವ ಸಮಿತಿಯಲ್ಲಿದ್ದೀರಿ? ಈ ವರ್ಷದ ಸಭೆಗಳಿಗೆ ಹೋಗಿದ್ದೀರಾ? 2001ರ ಜನಗಣತಿ ಮೇಲೆ ನಿಂತಿರುವ ಆ ಮಿತಿ ತೆಗೆಯಿರಿ ಅಂತ ಗ್ರಾಮೀಣಾಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ಬರೆಯುತ್ತೀರಾ?

ವರದಿಗಳು ಸಂಸತ್ತಿನ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸಮಿತಿಗಳ ವಿಭಾಗಕ್ಕೆ ಹೋಗಿ, ಗ್ರಾಮೀಣಾಭಿವೃದ್ಧಿ ಆರಿಸಿ, ಅನುದಾನದ ಬೇಡಿಕೆಗಳ ವರದಿ ತೆಗೆಯಿರಿ. ಸಾಮಾಜಿಕ ನೆರವು ಕಾರ್ಯಕ್ರಮದ ಭಾಗ ಕೆಲವೇ ಪುಟ. ಓದಿ ಏನಾದರೂ ಅರ್ಥವಾಗದಿದ್ದರೆ ಪುಟದ ಸಂಖ್ಯೆ ಹಾಕಿ ಕೆಳಗೆ ಕೇಳಿ, ಮುಂದಿನ ವಿಡಿಯೋದಲ್ಲಿ ಅದನ್ನೇ ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳುತ್ತೇನೆ.