ಮೊದಲು ಆಲಿಸುವ ಫೋನು

ಕೇಳುಗರಿಗೆ ನಮಸ್ಕಾರ. ಆಫ್ ಮಾಡಿದ್ದ ಮೊಬೈಲನ್ನು ಮತ್ತೆ ಆನ್ ಮಾಡಿದಾಗ ಪರದೆಯ ಮೂಲೆಯಲ್ಲಿ ಸಿಗ್ನಲ್ ಕಡ್ಡಿಗಳು ಮೂಡಲು ತುಸು ಹೊತ್ತು ಹಿಡಿಯುತ್ತದೆ. ಆಗ ಟವರೇ ನಮ್ಮ ಫೋನನ್ನು ಹುಡುಕುತ್ತಿರುತ್ತದೆಂಬ ಭಾವನೆ ಹಲವರಲ್ಲಿದೆ. ವಾಸ್ತವವಾಗಿ ಟವರಿಗೆ ಆ ಫೋನಿನ ಸುಳಿವೇ ಇರುವುದಿಲ್ಲ. ಹುಡುಕುವ ಕೆಲಸವೆಲ್ಲ ಫೋನಿನದು, ಅದನ್ನೂ ಅದು ಏನನ್ನೂ ಪ್ರಸಾರ ಮಾಡದೆ, ಬರೀ ಆಲಿಸಿಯೇ ಮುಗಿಸುತ್ತದೆ.

ಹಿಂದೆ ಬಳಸಿದ ಕಂಪನಾಂಕಗಳು ನೆನಪಿನಲ್ಲಿದ್ದರೆ ಫೋನು ಸಾಮಾನ್ಯವಾಗಿ ಅವುಗಳಿಂದಲೇ ಆರಂಭಿಸಿ, ಅಲ್ಲಿ ಏನೂ ಕೇಳಿಸದಿದ್ದರೆ ಉಳಿದವುಗಳನ್ನು ತಡಕುತ್ತದೆ. 4ಜಿ ವ್ಯವಸ್ಥೆಯಲ್ಲಿ ಪ್ರತಿಯೊಂದು ಸೆಲ್, ಅಂದರೆ ಟವರಿನಿಂದ ಒಂದು ನಿರ್ದಿಷ್ಟ ಪ್ರದೇಶಕ್ಕೆ ಸೇವೆ ಕೊಡುವ ಘಟಕ, 5 ಮಿಲಿಸೆಕೆಂಡಿಗೊಮ್ಮೆ ಒಂದು ಪ್ರಾಥಮಿಕ ಸಂಕೇತವನ್ನು ಬಿತ್ತರಿಸುತ್ತದೆ. ಇದರಲ್ಲಿ ಇರುವುದು ಮೂರೇ ಬಗೆ. ಆ ಮೂರರ ಪಡಿಯಚ್ಚೂ ಫೋನಿಗೆ ಮೊದಲೇ ಗೊತ್ತು. ಆಂಟೆನಾಕ್ಕೆ ಬೀಳುವ ಗದ್ದಲದ ಉದ್ದಕ್ಕೂ ಈ ಪಡಿಯಚ್ಚುಗಳನ್ನು ಸರಿಸುತ್ತ ತಾಳೆ ನೋಡಿದಾಗ, ಎಲ್ಲಿ ಹೋಲಿಕೆ ಥಟ್ಟನೆ ಏರುತ್ತದೋ ಅದೇ ಸಂಕೇತ ಬಂದಿಳಿದ ಗಳಿಗೆ. ಬೆನ್ನಿಗೇ 168 ಬಗೆಗಳಿರುವ ಎರಡನೆಯ ಸಂಕೇತವನ್ನು ಓದಿದರೆ, ಪ್ರಸಾರದ ಕಾಲವನ್ನು ಭಾಗಿಸುವ 10 ಮಿಲಿಸೆಕೆಂಡಿನ ಚೌಕಟ್ಟು ಎಲ್ಲಿ ಶುರುವಾಗುತ್ತದೆಂಬುದೂ, 504 ಗುರುತುಗಳಲ್ಲಿ ಈ ಸೆಲ್ಲಿನದು ಯಾವುದೆಂಬುದೂ ತಿಳಿಯುತ್ತದೆ. ಅಷ್ಟೇ ಗುರುತುಗಳು ಲೋಕಕ್ಕೆಲ್ಲ ಸಾಲವು. ಆದ್ದರಿಂದ ಅಕ್ಕಪಕ್ಕದ ಸೆಲ್‌ಗಳಿಗೆ ಒಂದೇ ಗುರುತು ಬೀಳದಂತೆ ನೋಡಿಕೊಂಡು ಅವನ್ನೇ ಮರುಬಳಸುತ್ತಾರೆ. 5ಜಿಯಲ್ಲಿ ಈ ಸಂಖ್ಯೆ 1008ಕ್ಕೆ ಏರಿದೆ.

ನನ್ನ ಮಟ್ಟಿಗೆ ಇದಕ್ಕಿಂತ ಸೋಜಿಗದ್ದು ಕಂಪನಾಂಕದ ತಿದ್ದುಪಡಿ. ಫೋನಿನೊಳಗೆ ಗಡಿಯಾರದಂತೆ ಮಿಡಿಯುವ ಸ್ಫಟಿಕವು ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 2 ಗಿಗಾಹರ್ಟ್ಸ್‌ನಲ್ಲಿ 2000 ಹರ್ಟ್ಸ್ ವ್ಯತ್ಯಾಸವಾಗುತ್ತದೆ. 4ಜಿಯಲ್ಲಿ ಮಾಹಿತಿಯನ್ನು ಹಂಚಿಕೊಂಡು ಹೊರುವ ಕಿರು ಅಲೆಗಳ, ಅಂದರೆ ಉಪವಾಹಕಗಳ, ನಡುವಿನ ಅಂತರವೇ 15,000 ಹರ್ಟ್ಸ್ ಆಗಿರುವಾಗ ಇದು ಸಣ್ಣ ತಪ್ಪಲ್ಲ. ಹೀಗಾಗಿ ಫೋನು ಬಹಳ ಹೆಚ್ಚು ನಿಖರವಾದ ಟವರಿನ ಗಡಿಯಾರವನ್ನು ನೋಡಿ ತನ್ನದನ್ನು ತಿದ್ದಿಕೊಳ್ಳುತ್ತದೆ.

ಆಮೇಲೆ ಸೆಲ್ ಬಿತ್ತರಿಸುವ ಮಾಹಿತಿಯನ್ನು ಓದಿ, ಇದು ಯಾರ ನೆಟ್‌ವರ್ಕ್, ತನ್ನ ಸಿಮ್‌ಗೆ ಇಲ್ಲಿ ಪ್ರವೇಶವಿದೆಯೇ ಎಂದು ನೋಡಿಕೊಂಡ ಬಳಿಕವಷ್ಟೇ ಫೋನು ಮೊದಲ ಬಾರಿ ತಾನೇ ಒಂದು ಪುಟ್ಟ ಸಂಕೇತವನ್ನು ಕಳುಹಿಸುತ್ತದೆ. 3 ಕಿಲೋಮೀಟರ್ ದೂರದ ಫೋನಿಗೆ ಟವರಿನ ಸಂಕೇತ 10 ಮೈಕ್ರೋಸೆಕೆಂಡ್ ತಡವಾಗಿ ತಲುಪುತ್ತದೆ, ಮರಳಿ ಹೋಗುವಾಗ ಮತ್ತೆ ಅಷ್ಟೇ ತಡ. ಹತ್ತಿರದವರ ಮತ್ತು ದೂರದವರ ಸಂಕೇತಗಳು ಟವರಿಗೆ ಹೊಂದಿಕೊಂಡು ಬರಬೇಕಾದ್ದರಿಂದ, 20 ಮೈಕ್ರೋಸೆಕೆಂಡ್ ಮುಂಚಿತವಾಗಿ ಕಳುಹಿಸೆಂದು ಟವರ್ ಆ ಫೋನಿಗೆ ಸೂಚಿಸುತ್ತದೆ. ಚಲಿಸುವ ವಾಹನದಲ್ಲಿ ಮಾತನಾಡುವಾಗ ದೂರ ಬದಲಾಗುತ್ತಲೇ ಇರುವುದರಿಂದ, ಈ ಸೂಚನೆಯೂ ಆಗಾಗ ಹೊಸದಾಗಿ ಬರುತ್ತಿರುತ್ತದೆ.