ಹಳೆಯ ಗಾಡಿಯ ಬ್ರೇಕ್ ಪೈಪು, ಪೆಟ್ರೋಲ್ ಪೈಪು

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳ ಶೆಡ್ಡುಗಳಲ್ಲಿ ಇನ್ನೂ ಹಳೆಯ ಗಾಡಿಗಳಿವೆ. ವಿಲ್ಲಿಸ್ ಜೀಪು, ಮಹೀಂದ್ರ ಜೀಪು, ಅಂಬಾಸಿಡರ್, ಫಿಯೆಟ್. ಅಜ್ಜ ಓಡಿಸಿದ ಗಾಡಿಯನ್ನು ಮೊಮ್ಮಗ ಹೊರಗೆ ತಂದು ಮತ್ತೆ ಸ್ಟಾರ್ಟ್ ಮಾಡುತ್ತಿದ್ದಾನೆ. ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ. ಎಂಜಿನ್ ಬಿಚ್ಚಿ ಕಟ್ಟಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಸೀಟಿಗೆ ಹೊಸ ಬಟ್ಟೆ ಹಾಕಿಸುತ್ತಾರೆ. ಆದರೆ ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋಗಿ ಪೈಪುಗಳನ್ನು ನೋಡುವವರು ಬಹಳ ಕಡಿಮೆ. ಇವತ್ತು ಆ ಪೈಪುಗಳ ಬಗ್ಗೆ ಮಾತಾಡುತ್ತೇನೆ.

ನಾನು ಹೇಳಬೇಕಾದದ್ದು ಇಷ್ಟೇ. ಹಳೆಯ ಗಾಡಿಯ ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳಿಗೆ ತೇಪೆ ಹಾಕಬೇಡಿ. ಪೂರ್ತಿ ಬದಲಿಸಿ. ಬಣ್ಣಕ್ಕಿಂತ ಮೊದಲು ಈ ಕೆಲಸ ಆಗಲಿ.

ಯಾಕೆ ಅಂತ ಹೇಳುತ್ತೇನೆ. ಈ ಕಾಲದ ಕಾರಿನಲ್ಲಿ ಬ್ರೇಕಿಗೆ ಎರಡು ಬೇರೆ ಬೇರೆ ದಾರಿ ಇರುತ್ತವೆ. ಒಂದರಲ್ಲಿ ಆಯಿಲ್ ಸೋರಿದರೂ ಇನ್ನೊಂದು ದಾರಿ ಎರಡು ಚಕ್ರವನ್ನಾದರೂ ಹಿಡಿಯುತ್ತದೆ. ಹಳೆಯ ಜೀಪು, ಹಳೆಯ ಕಾರುಗಳಲ್ಲಿ ಇರುವುದು ಒಂದೇ ದಾರಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಒಂದು ಮಾಸ್ಟರ್ ಸಿಲಿಂಡರ್, ಅದರಿಂದ ಹೊರಟ ಒಂದು ಪೈಪು, ಅದೇ ಕವಲೊಡೆದು ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ ಎಲ್ಲೋ ಒಂದು ಕಡೆ ತೂತಾದರೂ ಸಾಕು, ನಾಲ್ಕೂ ಬ್ರೇಕ್ ಒಟ್ಟಿಗೇ ಹೋಗುತ್ತವೆ. ಪೆಡಲ್ ನೇರ ನೆಲಕ್ಕೆ ಇಳಿಯುತ್ತದೆ. ಊರೊಳಗಿನ ರಸ್ತೆಯಲ್ಲಿ ಹಾಗಾದರೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬಹುದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಆದರೆ? ಮಾರನಹಳ್ಳಿಯಿಂದ ಶಿರಾಡಿ ಕಡೆ ಇಳಿಯುವಾಗ ಆದರೆ?

ಪೈಪು ಕೆಡುವುದು ಹೇಗೆ ಗೊತ್ತಾ? ಕಂಪನಿಯಿಂದ ಬರುತ್ತಿದ್ದದ್ದು ಸ್ಟೀಲ್ ಪೈಪು. ನೋಡಲು ಗಟ್ಟಿ, ಆದರೆ ಗೋಡೆ ತೆಳು, ಒಂದು ಮಿಲಿಮೀಟರೂ ದಪ್ಪ ಇರುವುದಿಲ್ಲ. ಅದನ್ನು ಚಾಸಿಗೆ ಹಿಡಿದುಕೊಳ್ಳುವ ಕ್ಲಿಪ್ಪುಗಳಿರುತ್ತವಲ್ಲ, ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ತೋಟದ ರಸ್ತೆಯ ಕೆಂಪು ಕೆಸರು ಕ್ಲಿಪ್ಪಿನ ಸಂದಿಯಲ್ಲಿ ಕೂತುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಣ್ಣು ಒಣಗುವುದೇ ಇಲ್ಲ. ಹೊರಗಡೆ ಪೈಪು ಕಪ್ಪಗೆ ಚೆನ್ನಾಗಿ ಕಾಣುತ್ತದೆ, ಕ್ಲಿಪ್ ಬಿಚ್ಚಿದರೆ ಅಡಿಯಲ್ಲಿ ಪುಡಿಪುಡಿ. ಒಳಗಿನಿಂದಲೂ ಕೆಡುತ್ತದೆ. ಬ್ರೇಕ್ ಆಯಿಲ್ ಅಂತ ನಾವು ಕರೆದರೂ ಅದು ಎಣ್ಣೆಯಲ್ಲ. ಗಾಳಿಯಲ್ಲಿರುವ ನೀರಿನಂಶವನ್ನು ಎಳೆದುಕೊಳ್ಳುವ ದ್ರವ. ಮಲೆನಾಡಿನ ಗಾಳಿಯಲ್ಲಿ ನೀರಿಗೇನು ಕೊರತೆ? ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಆ ನೀರು ಪೈಪನ್ನೂ, ಚಕ್ರದ ಹತ್ತಿರ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರನ್ನೂ ಒಳಗಿಂದ ತಿನ್ನುತ್ತದೆ.

ಆ ನೀರಿನಿಂದ ಇನ್ನೊಂದು ಅಪಾಯವಿದೆ. ಡಾಟ್ 3 ಅಂತ ಮಾರುವ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುಡಿದ ಮೇಲೆ ಅದು 140ಕ್ಕೇ ಕುದಿಯಬಹುದು. ಡಾಟ್ 4 ಆದರೆ ಹೊಸದರಲ್ಲಿ 230, ನೀರು ಸೇರಿದ ಮೇಲೆ 155. ಘಾಟಿ ಇಳಿಯುತ್ತಾ ಬ್ರೇಕ್ ಮೇಲೆ ಕಾಲಿಟ್ಟೇ ಇದ್ದರೆ ಡ್ರಮ್ ಕಾದು ಆ ಬಿಸಿ ವೀಲ್ ಸಿಲಿಂಡರಿಗೆ ಹೋಗುತ್ತದೆ. ಆಯಿಲ್ ಕುದಿದು ಆವಿಯಾಗುತ್ತದೆ. ಆಯಿಲನ್ನು ಒತ್ತಿದರೆ ಅದು ಮುಂದಕ್ಕೆ ತಳ್ಳುತ್ತದೆ, ಆವಿಯನ್ನು ಒತ್ತಿದರೆ ಸುಮ್ನೆ ಕುಗ್ಗುತ್ತದೆ. ಬ್ರೇಕ್ ಹಿಡಿಯುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಹೊಸ ಪೈಪು ಹಾಕಿದರೂ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಲೇಬೇಕು.

ಇನ್ನು ಪೈಪು ಯಾವುದು ತರಬೇಕು ಅನ್ನೋ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಪೈಪು ಸೋರುತ್ತಿದೆ ಅಂದರೆ, "ಅಣ್ಣಾ, ಫ್ರಿಜ್ ರಿಪೇರಿ ಅಂಗಡೀಲಿ ತಾಮ್ರದ ಪೈಪ್ ಸಿಗುತ್ತೆ, ಒಂದು ತುಂಡು ಹಾಕಿಬಿಡೋಣ" ಅನ್ನುವವರು ಸಿಗುತ್ತಾರೆ. ಬೇಡ. ಬರೀ ತಾಮ್ರ ಮೆತ್ತಗೆ, ಬಗ್ಗಿಸಲು ಸುಲಭ, ನಿಜ. ಆದರೆ ಗಾಡಿಯ ಅದುರಾಟಕ್ಕೆ ಅದು ದಿನೇದಿನೇ ಬಿರುಸಾಗುತ್ತಾ ಹೋಗಿ ಕೊನೆಗೆ ಬಿರುಕು ಬಿಡುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಆ ಪೈಪಿನೊಳಗೆ ಚದರ ಇಂಚಿಗೆ ಸಾವಿರ ಪೌಂಡಿನ ಆಸುಪಾಸು ಒತ್ತಡ ಇರುತ್ತದೆ. ತುಂಡು ಜೋಡಿಸಲು ರಿಂಗ್ ಹಾಕಿ ಬಿಗಿಯುವ ನೀರಿನ ಪೈಪಿನ ಜಾಯಿಂಟುಗಳೂ ಬ್ರೇಕಿಗೆ ಆಗುವುದಿಲ್ಲ.

ಒಂದೋ ಬ್ರೇಕಿಗೆಂದೇ ಮಾಡಿದ ಸ್ಟೀಲ್ ಪೈಪು ತನ್ನಿ, ಇಲ್ಲವೇ ತಾಮ್ರಕ್ಕೆ ನಿಕ್ಕಲ್ ಬೆರೆಸಿ ಮಾಡಿದ ಬ್ರೇಕ್ ಪೈಪು ತನ್ನಿ. ನನಗೆ ಎರಡನೆಯದೇ ಇಷ್ಟ. ದುಡ್ಡು ಜಾಸ್ತಿ, ತರಿಸಿಕೊಳ್ಳಬೇಕಾಗಬಹುದು. ಆದರೆ ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ, ಬಾಯಿ ಅಗಲಿಸುವಾಗ ಸೀಳುವುದಿಲ್ಲ. ವೋಲ್ವೊದವರು 1970ರ ದಶಕದಿಂದಲೇ ತಮ್ಮ ಕಾರುಗಳಿಗೆ ಇದನ್ನು ಹಾಕುತ್ತಿದ್ದರು. ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಬ್ರೇಕಿಗೆ 3/16 ಇಂಚಿನ ಪೈಪು ಇರುತ್ತದೆ. ಆದರೂ ನಿಮ್ಮ ಗಾಡಿಯದ್ದು ಅಳೆದೇ ತನ್ನಿ.

ಕೆಲಸ ಶುರು ಮಾಡುವ ಮೊದಲು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಯಾರೂ ಅಡಿಗೆ ಹೋಗಬೇಡಿ. ಸೈಜುಗಲ್ಲು ಜೋಡಿಸಿ ಅದರ ಮೇಲೆ ನಿಲ್ಲಿಸುವುದೂ ಬೇಡ, ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ಹಿಂದಿನ ದಿನವೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮಾಮೂಲಿ ಸ್ಪ್ಯಾನರ್ ಹಾಕಿದರೆ ಪೈಪಿನ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಈ ಕೆಲಸಕ್ಕೆಂದೇ ನಟ್ಟನ್ನು ಸುತ್ತಲೂ ಹಿಡಿಯುವ, ಪೈಪು ತೂರಲು ಒಂದು ಕಡೆ ಸೀಳಿರುವ ಸ್ಪ್ಯಾನರ್ ಸಿಗುತ್ತದೆ. ಒಂದನ್ನು ಕೊಂಡಿಟ್ಟುಕೊಳ್ಳಿ.

ಎಲ್ಲ ಪೈಪನ್ನೂ ಒಟ್ಟಿಗೆ ಬಿಚ್ಚಿ ಗುಡ್ಡೆ ಹಾಕಬೇಡಿ. ಒಂದು ಬಿಚ್ಚಿ, ಅದನ್ನೇ ಅಚ್ಚಿನಂತೆ ಪಕ್ಕದಲ್ಲಿಟ್ಟು ಹೊಸದನ್ನು ಬಗ್ಗಿಸಿ, ಅದನ್ನು ಕೂರಿಸಿದ ಮೇಲೆ ಮುಂದಿನದಕ್ಕೆ ಹೋಗಿ. ಉದ್ದ ಗೊತ್ತಾಗಲು ಹಳೆಯ ಪೈಪಿನ ತಿರುವುಗಳ ಮೇಲೆ ದಾರ ಹಿಡಿದು ಅಳೆಯಿರಿ. ಪೈಪನ್ನು ಗರಗಸದಿಂದ ಕೊಯ್ಯಬೇಡಿ, ಪೈಪ್ ಕಟರ್ ಬಳಸಿ. ಒಳಗಿನ ಚೂರು ಕೆರೆದು ತೆಗೆಯಿರಿ, ಗಾಳಿ ಊದಿ ಸ್ವಚ್ಛ ಮಾಡಿ.

ಆಮೇಲೆ ಬಾಯಿ ಅಗಲಿಸುವ ಕೆಲಸ. ಮೆಕ್ಯಾನಿಕ್ಕುಗಳು ಫ್ಲೇರಿಂಗ್ ಅನ್ನುತ್ತಾರೆ. ಪೂರ್ತಿ ಕೆಲಸದಲ್ಲಿ ತಾಳ್ಮೆ ಬೇಕಾದ ಜಾಗ ಇದು. ಬ್ರೇಕ್ ಪೈಪಿನ ಬಾಯಿ ಎರಡು ಥರ ಇರುತ್ತದೆ. ಮೊದಲನೆಯದು ಎರಡು ಮಡಿಕೆಯಾಗಿ ಆಲಿಕೆಯಂತೆ ತೆರೆದುಕೊಂಡದ್ದು, ಇನ್ನೊಂದು ಗುಂಡಗೆ ಉಬ್ಬಿದ್ದು. ಪೈಪು ಬಂದು ಸೇರುವ ಜಾಯಿಂಟಿನ, ಅಂದರೆ ಯೂನಿಯನ್ ಒಳಗೆ ಯಾವುದು ಕೂರುವಂತೆ ಮಾಡಿದ್ದಾರೋ ಅದನ್ನೇ ಮಾಡಬೇಕು. ಅದಲುಬದಲಾದರೆ ಎಷ್ಟು ಬಿಗಿದರೂ ಸೋರುತ್ತದೆ. ಒಂದೇ ಮಡಿಕೆಯ ಬಾಯಿ ಬ್ರೇಕಿಗೆ ಸಾಲದು, ಅಂಚು ಸೀಳುತ್ತದೆ. ಬಾಯಿ ಅಗಲಿಸುವ ಮೊದಲು ನಟ್ಟನ್ನು ಪೈಪಿಗೆ ಹಾಕಿರಬೇಕು, ಆಮೇಲೆ ಅದು ಒಳಗೆ ಹೋಗುವುದಿಲ್ಲ. ಆದ ಮೇಲೆ ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಸಮ ಇರಬೇಕು, ಒಂದು ಗೆರೆಯಷ್ಟೂ ಬಿರುಕು ಕಾಣಬಾರದು. ಅನುಮಾನ ಬಂದರೆ ಕತ್ತರಿಸಿ ಮತ್ತೆ ಮಾಡಿ. ಇದಕ್ಕೇ ಒಂದು ಗೇಣು ಪೈಪು ಜಾಸ್ತಿ ಇಟ್ಟುಕೊಂಡಿರಿ.

ನಟ್ಟನ್ನು ಮೊದಲು ಕೈಯಲ್ಲೇ ಮೂರ್ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರ್. ಹಳೆಯ ಕ್ಲಿಪ್ಪುಗಳ ಜಾಗದಲ್ಲೆಲ್ಲ ರಬ್ಬರ್ ಸುತ್ತಿದ ಹೊಸ ಕ್ಲಿಪ್ ಹಾಕಿ, ಒಂದನ್ನೂ ಬಿಡಬೇಡಿ. ಮುಂದಿನ ಚಕ್ರಕ್ಕೂ ಹಿಂದಿನ ಆಕ್ಸಲಿಗೂ ಹೋಗುವ ರಬ್ಬರ್ ಹೋಸುಗಳನ್ನೂ ಇದೇ ಸಲ ಬದಲಿಸಿ. ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತವೆ. ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬ್ರೇಕ್ ಬಿಟ್ಟರೂ ಒಂದು ಚಕ್ರ ಹಿಡಿದುಕೊಂಡೇ ಇದ್ದರೆ, ಗಾಡಿ ಒಂದು ಕಡೆಗೆ ಎಳೆದರೆ, ಎಷ್ಟೋ ಸಲ ತಪ್ಪು ಈ ಹೋಸಿನದ್ದೇ. ಹೊಸ ಹೋಸ್ ತಿರುಚಿಕೊಳ್ಳಬಾರದು. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿಗೆ ತಾಗುತ್ತದೆಯೇ ನೋಡಿ.

ಪೆಟ್ರೋಲ್ ಪೈಪಿನ ಕೆಲಸಕ್ಕೆ ಮೊದಲು ಬ್ಯಾಟರಿ ಬಿಚ್ಚಿ. ಬಯಲಲ್ಲಿ ಮಾಡಿ. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು, ಬಲ್ಬು ಎಳೆದುಕೊಂಡು ಅಡಿಗೆ ಹೋಗಬಾರದು. ವಿಲ್ಲಿಸ್ ಜೀಪಿನಲ್ಲಿ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲೇ ಇರುತ್ತದೆ. ಅಂಬಾಸಿಡರಿನಲ್ಲಿ ಹಿಂದೆ, ಪೈಪು ಗಾಡಿಯುದ್ದಕ್ಕೂ ಬರಬೇಕು. ಆ ದಾರಿಯಲ್ಲಿ ಸೈಲೆನ್ಸರ್ ಪೈಪಿಗೆ ಹತ್ತಿರ ಬಂದರೆ ಪೆಟ್ರೋಲ್ ಕಾದು ಆವಿಯಾಗುತ್ತದೆ, ಮುಳ್ಳಯ್ಯನಗಿರಿ ಹತ್ತುವಾಗ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಭಾಗದಲ್ಲಿ ಸಣ್ಣ ತೂತಾದರೆ ಪೆಟ್ರೋಲ್ ಹನಿಯುವುದೇ ಕಾಣದಿರಬಹುದು. ಪಂಪು ಎಳೆಯುವಾಗ ಆ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ. ಜನ ಕಾರ್ಬೊರೇಟರ್ ಬಿಚ್ಚಿ ಬಿಚ್ಚಿ ಸುಸ್ತಾಗುತ್ತಾರೆ, ಕೆಟ್ಟಿರುವುದು ಪೈಪು.

ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಶೇಕಡಾ 20 ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಹಳೆಯ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಊದುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಎಥನಾಲ್ ತಡೆಯುವ ಫ್ಯುಯೆಲ್ ಹೋಸ್ ಅಂತಲೇ ಕೇಳಿ, ಹೋಸಿನ ಮೇಲೆ ಅಚ್ಚಾಗಿದ್ದನ್ನು ಓದಿ. ಪಂಪಿನೊಳಗೆ ಅದುರುವ ಪೊರೆ, ಡಯಾಫ್ರಾಮ್, ಕೂಡ ರಬ್ಬರಿನದ್ದು, ಅದನ್ನೂ ನೋಡಿ. ಟ್ಯಾಂಕಿನ ಹಳೆಯ ಕೊಳೆಯನ್ನು ಎಥನಾಲ್ ಸಡಿಲಿಸುತ್ತದೆ, ಮೊದಮೊದಲು ಫಿಲ್ಟರ್ ಬೇಗ ಕಟ್ಟಿಕೊಳ್ಳಬಹುದು. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಇಲಿ ಹೋಸ್ ಕಡಿದಿದೆಯೇ ಅಂತ ನೋಡದೆ ಸ್ಟಾರ್ಟ್ ಮಾಡಲೇಬೇಡಿ.

ಕೊನೆಗೆ ಬ್ರೇಕಿನ ಏರ್, ಅಂದರೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು. ನಮ್ಮ ಬಲಗಡೆ ಸ್ಟೇರಿಂಗಿನ ಗಾಡಿಯಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಗಾಳಿ ಬಿಡುವ ಸ್ಕ್ರೂ, ನಿಪ್ಪಲ್, ಸಡಿಲಿಸಿ ಬಿಗಿಯಬೇಕು. ಬಿಗಿದಾಯ್ತು ಅಂತ ಹೇಳುವವರೆಗೆ ಪೆಡಲ್ ಬಿಡಬಾರದು. ಮಧ್ಯೆ ಆಯಿಲ್ ಖಾಲಿಯಾದರೆ ಮತ್ತೆ ಮೊದಲಿಂದ. ವಿಲ್ಲಿಸ್ ಜೀಪಿನಲ್ಲಿ ಮಾಸ್ಟರ್ ಸಿಲಿಂಡರ್ ಕಾಲಡಿಯ ತಗಡಿನ ಕೆಳಗಿದೆ, ಆಯಿಲ್ ಮಟ್ಟ ಎದುರಿಗೆ ಕಾಣುವುದಿಲ್ಲ. ಆಗಾಗ ಮುಚ್ಚಳ ತೆರೆದು ನೋಡಿ. ತೆರೆಯುವ ಮೊದಲು ಸುತ್ತಲಿನ ಮಣ್ಣು ಒರೆಸಿ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಎಲ್ಲ ಆದ ಮೇಲೆ ಇನ್ನೊಬ್ಬರನ್ನು ಕೂರಿಸಿ ಪೆಡಲನ್ನು ಜೋರಾಗಿ ಒತ್ತಿ ಹಿಡಿಸಿ. ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೆ ಬಿಡುತ್ತಿದೆ. ಒಂದೊಂದು ಜಾಯಿಂಟಿಗೂ ಒಣ ಬಟ್ಟೆ ಒತ್ತಿ ನೋಡಿ. ತೋಟದ ಅಂಗಳದಲ್ಲೇ ನಿಧಾನವಾಗಿ ಓಡಿಸಿ ನಿಲ್ಲಿಸಿ, ಆಮೇಲೆ ಹಾಸನ ಬೇಲೂರಿನ ಕಡೆ ಸಮತಟ್ಟು ರಸ್ತೆಯಲ್ಲಿ ಕೆಲವು ದಿನ ಓಡಿಸಿ. ಅಡಿಗೆ ಹೋಗಿ ಎಲ್ಲ ಜಾಯಿಂಟನ್ನೂ ಇನ್ನೊಮ್ಮೆ ಒರೆಸಿ ನೋಡಿ. ಬಟ್ಟೆ ಒಣಗೇ ಇದ್ದರೆ ಘಾಟಿಗೆ ಹೊರಡಿ, ಸಣ್ಣ ಗೇರಿನಲ್ಲಿ.

ನಮಸ್ಕಾರ.