ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ ಬೇಡ

ಕೇಳುಗರಿಗೆ ನಮಸ್ಕಾರ. ಪ್ರೋಗ್ರಾಮಿಂಗ್ ಕಲಿಯುತ್ತಿರುವವರು, ಈಗಷ್ಟೇ ಕೆಲಸಕ್ಕೆ ಸೇರಿದವರು ಕೇಳುತ್ತಿದ್ದರೆ ನಿಮಗೆ ಹೇಳಬೇಕಾದದ್ದು ಒಂದೇ ಮಾತು. ಫೈಲಿಗೆ ಇಂಗ್ಲಿಷಿನಲ್ಲಿ ಹೆಸರಿಡುವಾಗ ಪೂರ್ತಿ ಸಣ್ಣಕ್ಷರದಲ್ಲೇ ಇಡಿ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಈ ತಾಪತ್ರಯವಿಲ್ಲ. ಇಂಗ್ಲಿಷಿನ ದೊಡ್ಡ ಎ ಕಂಪ್ಯೂಟರಿಗೆ 65, ಸಣ್ಣ ಎ 97. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಇವು ಬೇರೆ ಬೇರೆ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಹೆಸರನ್ನು ನೀವು ಬರೆದಂತೆಯೇ ಇಟ್ಟುಕೊಳ್ಳುತ್ತವೆ, ಹುಡುಕುವಾಗ ಮಾತ್ರ ಎರಡೂ ಒಂದೇ ಎನ್ನುತ್ತವೆ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಗೆಳತಿಯರೊಂದಿಗೆ ಕಟ್ಟಿದ ಜಾಲತಾಣ ಅವಳ ವಿಂಡೋಸ್‌ನಲ್ಲಿ ಚೆನ್ನಾಗಿ ತೆರೆಯುತ್ತಿತ್ತು. ಲಿನಕ್ಸ್ ಸರ್ವರಿಗೆ ಹಾಕಿದರೆ ಮೇಲಿನ ಲಾಂಛನವೇ ಮಾಯ. ಪುಟದಲ್ಲಿ ಬರೆದ 'ಲೋಗೊ' ಸಣ್ಣ ಎಲ್‌ನಿಂದ ಶುರುವಾಗಿತ್ತು, ಫೈಲಿನ ಹೆಸರು ದೊಡ್ಡ ಎಲ್‌ನಿಂದ. ತೋರಿಸಿದ ಕೂಡಲೇ ಅವಳು ವಿಂಡೋಸ್‌ನಲ್ಲೇ ಹೆಸರು ತಿದ್ದಿದಳು. ಆದರೆ ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶ ಏನೂ ಬದಲಾಗಿಲ್ಲ, ಕಮಿಟ್ ಮಾಡಲು, ಅಂದರೆ ದಾಖಲಿಸಲು, ಏನೂ ಇಲ್ಲ ಎಂದಿತು! ಮತ್ತೆ ಹಳೆಯ ಹೆಸರಿಟ್ಟು ಮತ್ತೆ ತಿದ್ದಿದಳು. ಅದೇ ಉತ್ತರ. ಲ್ಯಾಪ್‌ಟಾಪೇ ಕೆಟ್ಟಿದೆಯೇನೋ ಎಂದು ಅವಳ ಮುಖ ಬಾಡಿತು. ಕೆಟ್ಟದ್ದೇನೂ ಇರಲಿಲ್ಲ. ಗಿಟ್ ಅನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೆಲಸಕ್ಕೆಂದು. ವಿಂಡೋಸ್‌ನಲ್ಲಿ ರೆಪೊಸಿಟರಿಯನ್ನು, ಅಂದರೆ ಗಿಟ್ ನೋಡಿಕೊಳ್ಳುವ ಫೈಲುಗಳ ಸಂಗ್ರಹವನ್ನು, ಹೊಸದಾಗಿ ಮಾಡುವಾಗ ಅದು ಡಿಸ್ಕಿನ ಸ್ವಭಾವ ನೋಡಿ 'ಇಗ್ನೋರ್‌ಕೇಸ್' ಎಂಬ ಸೆಟ್ಟಿಂಗನ್ನು ಆನ್ ಮಾಡಿಕೊಳ್ಳುತ್ತದೆ. ಅಲ್ಲಿಂದಾಚೆಗೆ ಹೆಸರಿನ ಅಕ್ಷರ ದೊಡ್ಡದಿದ್ದದ್ದು ಸಣ್ಣದಾದರೆ ಅದಕ್ಕೆ ಕಾಣುವುದೇ ಇಲ್ಲ. 'ಗಿಟ್ ಎಂವಿ' ಎಂಬ ಆಜ್ಞೆ ಬರೆದು ಹಳೆಯ ಹೆಸರು, ಹೊಸ ಹೆಸರು ಕೊಡು ಎಂದೆ. ಈ ಸಲ 'ರೀನೇಮ್ಡ್' ಎಂಬ ಸಾಲು ಬಂತು. ಪುಶ್ ಮಾಡಿ, ಅಂದರೆ ಬದಲಾವಣೆಯನ್ನು ಹೊರಗೆ ಕಳಿಸಿ, ಸರ್ವರಿನಲ್ಲಿ ಹೊಸ ಪ್ರತಿ ಏರಿಸುತ್ತಲೇ ಲಾಂಛನ ಮೂಡಿತು. ಅವಳ ಖುಷಿ ನೋಡಬೇಕಿತ್ತು! ಹೆಸರು ಮೊದಲಿನಿಂದಲೂ ಸಣ್ಣಕ್ಷರದಲ್ಲಿದ್ದಿದ್ದರೆ ಈ ಪರದಾಟವೇ ಇರುತ್ತಿರಲಿಲ್ಲ.

ಆ ಸೆಟ್ಟಿಂಗನ್ನೇ ಆಫ್ ಮಾಡಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಡಿಸ್ಕಿನಲ್ಲಿ ಒಂದೇ ಇರುವ ಫೈಲು ಗಿಟ್‌ನ ದಾಖಲೆಯಲ್ಲಿ ಎರಡಾಗಿ ಕೂರುತ್ತದೆ, ಆಮೇಲೆ ಬಿಡಿಸುವವರ ಪಾಡು ಯಾರಿಗೂ ಬೇಡ. ಸಣ್ಣಕ್ಷರ ಬಳಸಿ, ಸಾಕು.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಲಿನಕ್ಸ್ ಕರ್ನಲ್‌ನಲ್ಲಿ ಜಾಲದ ದತ್ತಾಂಶವನ್ನು ಸೋಸುವ ನೆಟ್‌ಫಿಲ್ಟರ್ ವಿಭಾಗದಲ್ಲೇ 'ಎಕ್ಸ್‌ಟಿ ಡಿಎಸ್‌ಸಿಪಿ' ಎಂಬ ಎರಡು ಫೈಲುಗಳು ಒಟ್ಟಿಗಿದ್ದವು. ಡಿಎಸ್‌ಸಿಪಿ ದೊಡ್ಡಕ್ಷರದಲ್ಲಿರುವುದು ಪ್ಯಾಕೆಟ್ಟಿನ, ಅಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕಿನ, ಗುರುತನ್ನು ಬದಲಿಸುತ್ತದೆ, ಸಣ್ಣಕ್ಷರದಲ್ಲಿರುವುದು ಬರೀ ಓದಿ ಹೋಲಿಸುತ್ತದೆ. ವಿಂಡೋಸ್‌ಗೆ ಇಳಿಸಿಕೊಂಡರೆ ಒಂದು ಉಳಿದು ಇನ್ನೊಂದು ಅಳಿಯುತ್ತದೆ. 2018ರ ಡಿಸೆಂಬರಿನಲ್ಲಿ ಬಂದ ಗಿಟ್ 2.20ರಿಂದ ಈಚೆಗೆ ಕ್ಲೋನ್ ಮಾಡುವಾಗಲೇ, ಅಂದರೆ ರೆಪೊಸಿಟರಿಯ ಪ್ರತಿ ಇಳಿಸಿಕೊಳ್ಳುವಾಗಲೇ, ಇಂಥ ಘರ್ಷಣೆಯ ಎಚ್ಚರಿಕೆ ಬರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ. 2014ರ ಡಿಸೆಂಬರಿನಲ್ಲಿ ಬಯಲಾದ ಲೋಪ ಇನ್ನೂ ಗಂಭೀರ. ಗಿಟ್‌ನ ಒಳಫೋಲ್ಡರಿನ ಹೆಸರನ್ನೇ ದೊಡ್ಡಕ್ಷರದಲ್ಲಿ ಬರೆದು ರೆಪೊಸಿಟರಿಯೊಳಗೆ ಸೇರಿಸಿದರೆ, ಅದನ್ನು ವಿಂಡೋಸ್, ಮ್ಯಾಕ್‌ಗೆ ಇಳಿಸಿಕೊಂಡವರ ಗಣಕದಲ್ಲಿ ಕಿಡಿಗೇಡಿಗಳು ತಮ್ಮ ಆಜ್ಞೆ ನಡೆಸಬಹುದಿತ್ತು. ಅದನ್ನು ಆಗಲೇ ಸರಿಪಡಿಸಿದ್ದಾರೆ. ಆದರೂ ನಿಮ್ಮ ಗಿಟ್ ಬಹಳ ಹಳೆಯದಾಗಿದ್ದರೆ ಇಂದೇ ಹೊಸದನ್ನು ಹಾಕಿಕೊಳ್ಳಿ. ನಮಸ್ಕಾರ.